ಗೊಬ್ಬರದ ಚೀಲಕ್ಕಿಂತ ಮೊದಲು ಮಣ್ಣಿನ ಚೀಲ

(ಬೆಳ್ಳಿಹಬ್ಬದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಗೊಬ್ಬರದ ಬಗ್ಗೆ ನಾಲ್ಕು ಮಾತು ಹೇಳಲು ಹಿರಿಯರು ಅಪ್ಪಣೆ ಮಾಡಿದ್ದಾರೆ. ನಾವು ಎಸ್.ಎಸ್.ಎಲ್.ಸಿ. ಓದಿದ ಒಕ್ಕಲಿಗರು, ವಿಜ್ಞಾನಿಗಳಲ್ಲ. ತಿಳಿದಷ್ಟು ಹೇಳುತ್ತೇವೆ.

2008ರ ಜೂನ್ 10ನ್ನು ನಮ್ಮ ಜಿಲ್ಲೆಯ ರೈತರು ಮರೆಯುವಂತಿಲ್ಲ. ಬಿತ್ತಿಗೆ ಹೊತ್ತಿನಲ್ಲಿ ಗೊಬ್ಬರ ಸಿಗದೆ ಹಾವೇರಿಯಲ್ಲಿ ಬೀದಿಗಿಳಿದವರ ಮೇಲೆ ಗೋಲಿಬಾರ್ ಆಗಿ ಇಬ್ಬರು ರೈತರು ಪ್ರಾಣ ಕಳಕೊಂಡರು. ಅಷ್ಟು ಬೆಲೆಯುಳ್ಳ ಗೊಬ್ಬರವನ್ನು ಸಾಲ ಮಾಡಿ ತಂದು ಲೆಕ್ಕವಿಲ್ಲದೆ ಚೆಲ್ಲುವುದು ತರವೇ?

ಚೀಲದೊಳಗೆ ಏನೈತಿ ನೋಡ್ರಿ. 45 ಕಿಲೊ ಯೂರಿಯಾದಲ್ಲಿ 20 ಕಿಲೊ 700 ಗ್ರಾಂ ಸಾರಜನಕ, ಬೇರೆ ಪೋಷಕಾಂಶವಿಲ್ಲ. 50 ಕಿಲೊ ಡಿಎಪಿಯಲ್ಲಿ 9 ಕಿಲೊ ಸಾರಜನಕ, 23 ಕಿಲೊ ರಂಜಕ. ಈ ಎರಡರಲ್ಲೂ ಪೊಟ್ಯಾಶ್ ಇಲ್ಲ, ಸತುವಿಲ್ಲ. ಆದರೆ ಗೋವಿನಜೋಳ ಇವೆಲ್ಲವನ್ನೂ ಹೊಲದಿಂದ ಎಳೆದುಕೊಳ್ಳುತ್ತದೆ. ತೆಗೆಯುತ್ತಲೇ ಹೋಗಿ ತುಂಬದಿದ್ದರೆ ಎಂಥ ಹಗೇವೂ ಬರಿದಾಗುತ್ತದೆ.

2010ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಬಂದಾಗ ಯೂರಿಯಾ ಅದರ ಹೊರಗೆ ಉಳಿಯಿತು. ಮುಂದೆ ಡಿಎಪಿ, ಪೊಟ್ಯಾಶ್ ದರ ಏರಿತು. ಯೂರಿಯಾ ಅಗ್ಗವಾಗಿಯೇ ಇತ್ತು. ಅಗ್ಗದ ಕಡೆ ನಮ್ಮ ಕೈ ಹೆಚ್ಚು ಹೋಯಿತು.

2009ರಲ್ಲಿ ರಾಜ್ಯ ಸರ್ಕಾರ, ಇಕ್ರಿಸ್ಯಾಟ್ ಸಂಸ್ಥೆ ಸೇರಿ ಭೂಚೇತನ ಯೋಜನೆ ಆರಂಭಿಸಿದಾಗ ಮೊದಲ ಆರು ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ಮಣ್ಣು ಪರೀಕ್ಷೆ ಮಾಡಿದಾಗ ಬಹಳಷ್ಟು ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ಕಂಡಿತು. ಒಂದು ಅಂಶ ಕಡಿಮೆ ಇದ್ದರೆ ಇನ್ನೊಂದನ್ನು ಎಷ್ಟು ಸುರಿದರೂ ಇಳುವರಿ ಏರುವುದಿಲ್ಲ.

ಬೆಳೆ ಬಿಳಿಚಿದ ಕೂಡಲೇ ಯೂರಿಯಾ ಎರಚಬ್ಯಾಡ್ರಿ. ಗೋವಿನಜೋಳದ ಕೆಳಗಿನ ಎಲೆ ತುದಿಯಿಂದ ನಡುನರದ ಗುಂಟ ಹಳದಿಯಾದರೆ ಸಾರಜನಕದ ಕೊರತೆ. ಕೆಳಗಿನ ಎಲೆಯ ಅಂಚು ಸುಟ್ಟಂತಾದರೆ ಪೊಟ್ಯಾಶ್ ಕೊರತೆ. ಎಳೆಯ ಎಲೆಯಲ್ಲಿ ಬಿಳಿ ಪಟ್ಟಿ ಬಂದರೆ ಸತುವಿನ ಕೊರತೆ. ಬ್ಯಾಡಗಿ ಕಡೆಯ ಮೆಣಸಿನಗಿಡಕ್ಕೆ ಸಾರಜನಕ ಅತಿಯಾದರೆ ಗಿಡ ಸೊಕ್ಕುತ್ತದೆ, ಕಾಯಿ ತಡವಾಗುತ್ತದೆ, ರಸ ಹೀರುವ ಕೀಟಕ್ಕೆ ಹಬ್ಬವಾಗುತ್ತದೆ.

ಇನ್ನು ಕೆಲವು ಮಾತು. ಡಿಎಪಿ ಬದಲು ಸಿಂಗಲ್ ಸೂಪರ್ ಫಾಸ್ಫೇಟ್ ಬಳಸಿದರೆ 16 ಪಾಲು ರಂಜಕದ ಜೊತೆ 11 ಪಾಲು ಗಂಧಕವೂ ಸಿಗುತ್ತದೆ. ಆಗ ಸಾರಜನಕವನ್ನು ಬೇರೆ ಕೊಡಬೇಕು. ಸತುವಿನ ಸಲ್ಫೇಟನ್ನು ಡಿಎಪಿಯೊಂದಿಗೆ ಬೆರೆಸಬಾರದು, ಎರಡೂ ಗಟ್ಟಿಕಟ್ಟಿ ಬೆಳೆಗೆ ದಕ್ಕುವುದಿಲ್ಲ. ಯೂರಿಯಾವನ್ನು ಕಂತಿನಲ್ಲಿ, ಹಸಿ ಇದ್ದಾಗ ಕೊಟ್ಟು ಎಡೆ ಹೊಡೆದು ಮಣ್ಣಲ್ಲಿ ಮುಚ್ಚಬೇಕು. ಮೇಲೆ ಬಿದ್ದದ್ದು ಗಾಳಿಗೆ ಹೋಗುತ್ತದೆ. ತಿಪ್ಪೆಗೊಬ್ಬರ ಬಿಡಬೇಡಿ. ಎರೆ ಇರಲಿ, ಮಸಾರಿ ಇರಲಿ, ಕೊಟ್ಟ ಗೊಬ್ಬರವನ್ನು ಹಿಡಿದಿಡುವುದು ಅದೇ.

ನಮ್ಮ ವಿನಂತಿ ಒಂದೇ. ಬೇಸಿಗೆಯಲ್ಲಿ ಹೊಲ ಖಾಲಿ ಇದ್ದಾಗ, ಬದು, ಗಿಡದ ನೆರಳು, ತಿಪ್ಪೆ ಬಿಟ್ಟು ಎಂಟು-ಹತ್ತು ಕಡೆ ಅರ್ಧ ಅಡಿ ಆಳದ ಮಣ್ಣು ತೆಗೆಯಿರಿ. ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೊ ಚೀಲದಲ್ಲಿ ತುಂಬಿ ಸರ್ವೆ ನಂಬರ್ ಬರೆದು ಸಂಘಕ್ಕೆ ತಂದು ಕೊಡಿರಿ. ರಾಣೇಬೆನ್ನೂರು ತಾಲೂಕಿನ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರ ನಮಗೆ ದೂರವಲ್ಲ. ಪರೀಕ್ಷೆಯ ಚೀಟಿ ನೋಡಿ ಸಂಘ ಗೊಬ್ಬರ ತರಿಸಿದರೆ ಸದಸ್ಯರ ಸಾಲ ಸಾರ್ಥಕ, ಸಾಲ ತೀರಿದರೆ ಸಂಘವೂ ಗಟ್ಟಿ.