ವೈರುಧ್ಯ ಮತ್ತು ವಿರೋಧಾಭಾಸ
(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



‘ಕಾಂಟ್ರಡಿಕ್ಷನ್’ ಎಂಬ ಇಂಗ್ಲಿಷ್ ಪದಕ್ಕೆ ನಾವು ಒಮ್ಮೆ ವಿರೋಧಾಭಾಸವೆಂದೂ ಮತ್ತೊಮ್ಮೆ ವೈರುಧ್ಯವೆಂದೂ ಬರೆಯುತ್ತೇವೆ. ಎರಡೂ ಒಂದೇ ಎಂದು ನಾನೂ ಬಹುಕಾಲ ನಂಬಿದ್ದೆ. ಆದರೆ ಅಲಂಕಾರಶಾಸ್ತ್ರದಲ್ಲಿ ವಿರೋಧಾಭಾಸವೆಂದರೆ ವಿರೋಧದಂತೆ ತೋರಿ, ಅರ್ಥ ತಿಳಿದೊಡನೆ ಕರಗಿಹೋಗುವಂಥದು. ಆಭಾಸವೆಂದರೆ ತೋರಿಕೆಯಷ್ಟೆ. ನಿಜವಾದ ವಿರೋಧಕ್ಕೆ ತಾರ್ಕಿಕರು ಇಟ್ಟ ಹೆಸರು ವದತೋವ್ಯಾಘಾತ. ‘ನನ್ನ ತಾಯಿ ಬಂಜೆ’ ಎಂದವನ ಮಾತನ್ನು ಬೇರೆಯವರು ಖಂಡಿಸಬೇಕಾಗಿಲ್ಲ. ಅವನ ಬಾಯೇ ಅದನ್ನು ಖಂಡಿಸುತ್ತದೆ.

ಚೀನೀಯರಲ್ಲಿ ಈ ಅರ್ಥದ ಪದ ‘ಮಾವ್‌ದುನ್’, ಅಂದರೆ ಈಟಿ-ಗುರಾಣಿ. ಪ್ರಾಚೀನ ಚಿಂತಕ ಹಾನ್ ಫೇ ಹೇಳಿದ ಕಥೆಯೊಂದರಲ್ಲಿ, ಎಲ್ಲವನ್ನೂ ಭೇದಿಸಬಲ್ಲ ಈಟಿಯನ್ನೂ ಯಾವುದಕ್ಕೂ ಜಗ್ಗದ ಗುರಾಣಿಯನ್ನೂ ಒಬ್ಬನೇ ವ್ಯಾಪಾರಿ ಮಾರುತ್ತಾನೆ. ಆ ಈಟಿಯಿಂದ ಈ ಗುರಾಣಿಯನ್ನು ಚುಚ್ಚಿದರೆ ಏನಾದೀತೆಂದು ಕೇಳಿದಾಗ ಅವನಲ್ಲಿ ಉತ್ತರವಿಲ್ಲ. ಮಾವೋ 1937ರಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯಲ್ಲಿರುವುದೂ ಇದೇ ಪದ.

ಬರಿಯ ವ್ಯತ್ಯಾಸವನ್ನೇ ವೈರುಧ್ಯವೆಂದು ಕೊರಗುವುದು ನಮ್ಮಂಥ ಹೊರನಾಡಿಗರ ಚಾಳಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ: ಎರಡೂ ಏಕಕಾಲಕ್ಕೆ ನಿಜವಾಗಿರಬಲ್ಲವು. ಕೊರಗಬೇಕಾದದ್ದು ಬೇರೆಯೇ ಇದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು, ಬರುವ ಜನವರಿ 26ರಂದು ನಾವು ವೈರುಧ್ಯಗಳ ಬದುಕನ್ನು ಪ್ರವೇಶಿಸಲಿದ್ದೇವೆಂದು ಎಚ್ಚರಿಸಿದರು. ರಾಜಕೀಯದಲ್ಲಿ ಪ್ರತಿಯೊಬ್ಬರ ಮತಕ್ಕೂ ಒಂದೇ ಬೆಲೆ. ಸಾಮಾಜಿಕ, ಆರ್ಥಿಕ ಜೀವನದಲ್ಲಿ ಅದೇ ಸಮಾನತೆಯ ನಿರಾಕರಣೆ. ಇದನ್ನು ವಿರೋಧಾಭಾಸವೆಂದು ಅನುವಾದಿಸಿದರೆ ಎಚ್ಚರಿಕೆಯ ಜೀವವೇ ಹೋಗುತ್ತದೆ. ತೋರಿಕೆಯದಾದರೆ ಹೋರಾಡುವುದೇಕೆ?

ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಕನ್ನಡ ಓದಿದವನು ನಾನು. ಆಗ ನಾನಿದ್ದ ಒಂದು ಸಂಘದ ನಿಯಮಾವಳಿ ಕನ್ನಡಿಗರೆಲ್ಲ ಸಮಾನರೆಂದು ಆರಂಭವಾಗುತ್ತಿತ್ತು. ಮತದಾನದ ಹಕ್ಕು ಮಾತ್ರ ಆಜೀವ ಸದಸ್ಯರಿಗೆ. ಆ ಶುಲ್ಕ ನನ್ನ ಮೂರು ತಿಂಗಳ ಸಂಬಳ. ಕೇಳಿದ್ದಕ್ಕೆ ಹಿರಿಯರೊಬ್ಬರು, ‘ಅದೊಂದು ವಿರೋಧಾಭಾಸ ಕಣಪ್ಪಾ, ಎಲ್ಲ ಕಡೆ ಇದ್ದದ್ದೇ’ ಎಂದು ಬೆನ್ನು ತಟ್ಟಿದರು. ಸಂಸ್ಕೃತ ಪದದ ಭಾರಕ್ಕೆ ನಾನು ಸುಮ್ಮನಾದೆ.

ನಮ್ಮ ಈ ಸಂಘದಲ್ಲಿಯೂ ಅಂಥದೇ ನಿಯಮವಿದೆ. ಅಂದು ಬೆನ್ನು ತಟ್ಟಿದವರ ವಯಸ್ಸು ಇಂದು ನನ್ನದು. ಇಲ್ಲಿ ಆಜೀವ ಸದಸ್ಯನಾಗಿ ಹಲವು ವರ್ಷ ಮತ ಹಾಕಿಯೂ ಇದ್ದೇನೆ. ಬರುವ ಸರ್ವಸದಸ್ಯರ ಸಭೆಯಲ್ಲಿ ಅದರ ತಿದ್ದುಪಡಿಗೆ ಗೊತ್ತುವಳಿ ಮಂಡಿಸುತ್ತಿದ್ದೇನೆ. ಅನುಮೋದಕರೊಬ್ಬರ ಸಹಿ ಬೇಕಾಗಿದೆ. ಕಾಗದ ನನ್ನ ಕಿಸೆಯಲ್ಲಿಯೇ ಇದೆ.