ಎರಡು ವಿಳಾಸಗಳು

ಮನೆ ಮಾಡುವವನು ಮೊದಲು ನೀರನ್ನು ನೋಡುತ್ತಾನೆ. ಆಮೇಲೆ ನೆರೆಹೊರೆಯನ್ನು, ಮಕ್ಕಳ ಶಾಲೆಯನ್ನು, ಪೇಟೆಯ ದೂರವನ್ನು. ಹೊರದೇಶಕ್ಕೆ ವರ್ಗವಾದ ಎಂಜಿನಿಯರರಾಗಲಿ ಬ್ಯಾಂಕಿನವರಾಗಲಿ ಲೆಕ್ಕ ಹಾಕುವುದು ಹೀಗೆಯೇ. ಆದರೆ ಸೈನಿಕನಿಗೆ ಕಡಲಾಚೆಯ ನೇಮಕ ಬಂದಾಗ ವಾಸ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಹೇಳುವವರು ಯಾರು? ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸೋಣ. ಆಂಧ್ರದ ಗಡಿಗೆ ಸಮೀಪದ, ಕನ್ನಡದೊಡನೆ ತೆಲುಗೂ ಕಿವಿಗೆ ಬೀಳುವ ಹೋಬಳಿ ಊರು ಅದು. ಅಲ್ಲಿಂದ ಒಬ್ಬ ಹವಾಲ್ದಾರ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ಸೇರಿ ಹೊರಡುತ್ತಾನೆಂದು ಭಾವಿಸಿಕೊಳ್ಳಿ.

ಅವನ ಪಾಲಿಗೆ ಆಯ್ಕೆ ಬಹಳ ಕಿರಿದು. ರಾಯಭಾರ ಕಚೇರಿಗೆ ನೇಮಕಗೊಂಡ ಸೇನಾಧಿಕಾರಿ ಸಂಸಾರಸಮೇತ ಹೋಗಬಲ್ಲ. ವಿಶ್ವಸಂಸ್ಥೆಯ ಸೈನಿಕ ವೀಕ್ಷಕನಾಗಿ ಹೋಗುವ ಅಧಿಕಾರಿಗೆ ನಿರ್ವಾಹ ಭತ್ಯೆ ದೊರೆಯುತ್ತದೆ. ವಸತಿ ಒದಗಿಸದ ಕಡೆಗಳಲ್ಲಿ ಆತ ತಾನೇ ಬಾಡಿಗೆಯ ಮನೆ ಹುಡುಕಿಕೊಳ್ಳಬೇಕು. ಆಯುಧವಿಲ್ಲದೆ ಕೆಲಸ ಮಾಡುವ ಅವನಿಗೆ ಒಳ್ಳೆಯ ನೆರೆಯೇ ಅರ್ಧ ಕಾವಲು. ತುಕಡಿಯೊಡನೆ ಹೋಗುವ ನಮ್ಮ ಹವಾಲ್ದಾರನಿಗಾದರೋ ಶಿಬಿರವೇ ಮನೆ. ಹೆಂಡತಿ ಮಕ್ಕಳು ಊರಿನಲ್ಲೇ ಉಳಿಯಬೇಕು.

ಆ ಶಿಬಿರವನ್ನಾದರೂ ಬೇಕಾದಲ್ಲಿ ಹೂಡುವಂತಿಲ್ಲ. ೧೯೫೩ರಲ್ಲಿ ಕೊರಿಯಾದಲ್ಲಿ ಕದನ ನಿಂತ ತರುವಾಯ, ಸ್ವದೇಶಕ್ಕೆ ಮರಳಲೊಪ್ಪದ ಯುದ್ಧಕೈದಿಗಳನ್ನು ನೋಡಿಕೊಳ್ಳಲು ಭಾರತದ ಪಡೆಯೊಂದು ಹೋಯಿತು. ಕೈದಿಗಳ ವಿಚಾರಕ್ಕೆಂದು ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ಕೊಡಗಿನ ಕೆ. ಎಸ್. ತಿಮ್ಮಯ್ಯನವರು, ಪಡೆಯ ನಾಯಕರು ಎಸ್. ಪಿ. ಪಿ. ಥೋರಟ್. ಭಾರತೀಯ ಸೈನಿಕರು ತಮ್ಮ ನೆಲವನ್ನು ತುಳಿಯಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದರು. ಇಂಚೋನ್‌ವರೆಗೆ ಹಡಗಿನಲ್ಲಿ ಬಂದ ನಮ್ಮವರನ್ನು ಹೆಲಿಕಾಪ್ಟರುಗಳಲ್ಲಿ ಒಯ್ದು ಸೇನಾರಹಿತ ವಲಯದಲ್ಲಿ ಇಳಿಸಬೇಕಾಯಿತು. ಎರಡೂ ಸೇನೆಗಳು ಬಿಟ್ಟು ಸರಿದ ಆ ಪಟ್ಟಿಯಲ್ಲಿ ಡೇರೆಗಳ ಊರೊಂದು ಎದ್ದಿತು. ಅದಕ್ಕೆ ಹಿಂದ್ ನಗರವೆಂದು ಹೆಸರಿಟ್ಟರು. ಅಲ್ಲಿಂದ ಬರೆದ ಕಾಗದಗಳಿಗೆ, ನಾಗರಿ ಅಕ್ಷರಗಳ ಮೇಲುಮುದ್ರೆ ಒತ್ತಿದ ಭಾರತದ ಅಂಚೆಚೀಟಿಗಳಿದ್ದವು. ೧೯೫೪ರ ಆರಂಭದಲ್ಲಿ ಕೆಲಸ ತೀರಿತು; ಡೇರೆಗಳನ್ನು ಕಿತ್ತರು.

ಅದೇ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿ ೧೯೬೧ರಲ್ಲಿ ನಿವೃತ್ತರಾದ ಮೇಲೆ, ೧೯೬೪ರಲ್ಲಿ ಸೈಪ್ರಸ್ ದ್ವೀಪದ ಶಾಂತಿಪಾಲನಾ ಪಡೆಯ ಹೊಣೆ ಹೊತ್ತರು. ನಿಕೋಸಿಯ ನಗರವನ್ನು ಗ್ರೀಕರ ಪಾಲು, ತುರ್ಕರ ಪಾಲು ಎಂದು ಬೇರ್ಪಡಿಸುವ ಹಸಿರು ಗೆರೆಯನ್ನು ಅದಾಗಲೇ ೧೯೬೩ರ ಡಿಸೆಂಬರಿನಲ್ಲಿ ಎಳೆಯಲಾಗಿತ್ತು. ಅಂಥ ಊರಿನಲ್ಲಿ ಮಧ್ಯಸ್ಥನಾದವನು ಯಾವ ಬೀದಿಯಲ್ಲಿ ಇಳಿದುಕೊಂಡ, ಯಾರ ಅಂಗಡಿಯಲ್ಲಿ ರೊಟ್ಟಿ ಕೊಂಡ ಎಂಬುದನ್ನೂ ಎರಡು ಕಡೆಯವರು ಗಮನಿಸದೆ ಇರುವುದಿಲ್ಲ. ನ್ಯಾಯ ಹೇಳಲು ಬಂದವನಿಗೆ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂಬುದೂ ಸಣ್ಣ ವಿಷಯವಲ್ಲ. ತಿಮ್ಮಯ್ಯನವರು ೧೯೬೫ರ ಡಿಸೆಂಬರ್ ೧೮ರಂದು ಕರ್ತವ್ಯದಲ್ಲಿದ್ದಾಗಲೇ ಸೈಪ್ರಸ್‌ನಲ್ಲಿ ತೀರಿಕೊಂಡರು. ಆ ದೇಶ ಮರುವರ್ಷ ಅವರ ನೆನಪಿಗೆ ಅಂಚೆಚೀಟಿ ತಂದಿತು. ಮಡಿಕೇರಿಯಲ್ಲಿ ಅವರು ಬಾಳಿದ ‘ಸನ್ನಿಸೈಡ್’ ಮನೆ ೨೦೨೧ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ದ್ವೀಪ ಅವರನ್ನು ಗೌರವಿಸಿತು. ಮನೆಯೆಂದು ಉಳಿದದ್ದು ಮಡಿಕೇರಿ.

ಸೈನಿಕ ಹೋಗುವ ನೆಲವನ್ನು ಕರ್ತವ್ಯ ಗೊತ್ತುಮಾಡುತ್ತದೆ ಎಂದಮೇಲೆ, ಆಯ್ದುಕೊಳ್ಳಲು ಉಳಿಯುವುದು ಅವನ ಸಂಸಾರ ನಿಲ್ಲುವ ನೆಲ. ನೇಮಕದ ಆಜ್ಞೆಯಲ್ಲಿ ಇದರ ಸೊಲ್ಲಿಲ್ಲ. ನಿಜವಾದ ಕಷ್ಟ ಇರುವುದು ಇಲ್ಲಿಯೇ.

ಕೊಡಿಗೇನಹಳ್ಳಿಯ ಆ ಗೃಹಿಣಿಯ ಮುಂದೆ ಮೂರು ದಾರಿಗಳು. ಮೊದಲನೆಯದು ಗಂಡನ ಊರಿನಲ್ಲೇ ಉಳಿಯುವುದು. ಅತ್ತೆ ಮಾವಂದಿರಿದ್ದಾರೆ, ಕಡಲೆಕಾಯಿಯ ಹೊಲವಿದೆ, ರಾಗಿಯ ಕಾಳು ಮನೆಯದೇ. ಆದರೆ ಹೊರದೇಶದ ಹಣ ಬರುತ್ತದೆಂಬ ಸುದ್ದಿಗೆ ಸಾಲ ಕೇಳುವವರೂ ಹತ್ತಿರದಲ್ಲೇ ಇರುತ್ತಾರೆ. ಕೊಡುವ ಕೊಡದಿರುವ ಮಾತು ಅವಳದಾಗಿರುವುದಿಲ್ಲ. ಎರಡನೆಯದು ಮಧುಗಿರಿಯಲ್ಲೋ ತುಮಕೂರಿನಲ್ಲೋ ಬಾಡಿಗೆಗೆ ಮನೆ ಹಿಡಿಯುವುದು. ಮಕ್ಕಳ ಓದಿಗೆ ಅನುಕೂಲ. ಆದರೆ ಯಜಮಾನರು ಎಲ್ಲಿ ಎಂದು ಮನೆಯೊಡೆಯ ಕೇಳುವ ಪ್ರಶ್ನೆಗೆ ದಿನವೂ ಉತ್ತರ ಹೇಳುವ ಗಟ್ಟಿತನ ಬೇಕು. ಮೂರನೆಯದು ಸೇನೆಯ ವಸತಿಗೃಹ. ಗಂಡ ಕುಟುಂಬ ಒಯ್ಯಲಾಗದ ಠಾಣೆಗೆ ಹೋದಾಗ ಉಳಿದವರಿಗೆಂದೇ ಕೆಲವೆಡೆ ಕ್ವಾರ್ಟರ್ಸ್ ಇರುತ್ತವೆ. ಅಲ್ಲಿ ಆಸ್ಪತ್ರೆಯುಂಟು, ತನ್ನಂತೆಯೇ ಕಾಯುವ ಹತ್ತು ಹೆಂಗಸರುಂಟು. ಆದರೆ ಅದು ಖಾಲಿ ಇದ್ದರೆ ಸಿಕ್ಕುವ, ಅವಧಿ ಮುಗಿದರೆ ಬಿಡಬೇಕಾದ ಮನೆ. ಮುದುಕರು ಊರಿನಲ್ಲಿ ಒಂಟಿ.

ಇವುಗಳಲ್ಲಿ ಯಾವುದು ಲೇಸು? ಎಲ್ಲರಿಗೂ ಸಲ್ಲುವ ಉತ್ತರವಿಲ್ಲ. ಎಲ್ಲರಿಗೂ ಸಲ್ಲುವ ಪ್ರಶ್ನೆಯೊಂದು ಮಾತ್ರ ಇದೆ. ನಡುರಾತ್ರಿ ಮಗುವಿಗೆ ಜ್ವರವೇರಿದರೆ ಯಾರ ಮನೆಯ ಕದ ತಟ್ಟಬಹುದು? ಸಂಕೋಚವಿಲ್ಲದೆ ತಟ್ಟಬಹುದಾದ ಕದ ಎಲ್ಲಿದೆಯೋ ಅದರ ಪಕ್ಕದಲ್ಲಿ ಮನೆ ಮಾಡಬೇಕು. ಆ ಕದ ಯಾವುದೆಂದು ಬಲ್ಲವಳು ಅಲ್ಲಿ ಉಳಿಯುವವಳೇ. ಆದುದರಿಂದ ಹೊರಡುವ ಮೊದಲು ಗಂಡಹೆಂಡಿರು ಕುಳಿತು ಆಡಬೇಕಾದ ಮಾತಿನಲ್ಲಿ ಕೊನೆಯ ಮಾತು ಅವಳದಾಗಬೇಕು. ಹಿರಿಯರಿಗೆ ತಿಳಿಸುವುದು ಆಮೇಲೆ.

ಹಣದ ವಿಚಾರವೂ ಇದಕ್ಕೇ ಅಂಟಿಕೊಂಡಿದೆ. ಹೊರದೇಶದ ಭತ್ಯೆ ಕೈಸೇರಿದೊಡನೆ ನಿವೇಶನ ಕೊಳ್ಳುವ ಆತುರ ಸಹಜ. ಸೈನಿಕ ನಿವೃತ್ತನಾಗುವುದು ಬೇಗ. ಎಷ್ಟೋ ಸಿಪಾಯಿಗಳು ನಲವತ್ತು ತುಂಬುವ ಮುನ್ನವೇ ಊರಿಗೆ ಮರಳುತ್ತಾರೆ. ಮುಂದಿನ ಮೂವತ್ತು ವರ್ಷ ಬಾಳಬೇಕಾದ ಜಾಗವನ್ನು ದೂರದ ಡೇರೆಯಿಂದ, ಯಾರದೋ ಮಾತು ಕೇಳಿ, ನಿಶ್ಚಯಿಸುವುದು ತರವಲ್ಲ. ಅವನು ಬಂದು ನೆಲವನ್ನು ಮೆಟ್ಟಿ ನೋಡುವವರೆಗೆ ಹಣ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಇರಲಿ.

ನಮ್ಮ ಸೈನಿಕರಿಗೆ ಕಾಗದ ಬರೆಯುವವರು ಬಲ್ಲರು: ಅವರ ವಿಳಾಸದಲ್ಲಿ ಊರಿನ ಹೆಸರಿರುವುದಿಲ್ಲ. ಹೆಸರು, ಸಂಖ್ಯೆ, ಪಡೆ, ಕೊನೆಗೆ ‘೫೬ ಎ.ಪಿ.ಒ.’ ಎಂಬ ಸೇನಾ ಅಂಚೆಯ ಗುರುತು, ಅಷ್ಟೆ. ಅವನಿರುವುದು ಹಿಮದಲ್ಲೋ ಮರಳಿನಲ್ಲೋ ಲಕೋಟೆ ಹೇಳದು. ಅವನ ದಾಖಲೆಯಲ್ಲಿ ಇನ್ನೊಂದು ವಿಳಾಸವೂ ಉಂಟು: ಗ್ರಾಮ ಕೊಡಿಗೇನಹಳ್ಳಿ, ತಾಲ್ಲೂಕು ಮಧುಗಿರಿ. ಮೊದಲನೆಯದನ್ನು ಸರ್ಕಾರ ಕೊಡುತ್ತದೆ, ಬದಲಿಸುತ್ತದೆ. ಎರಡನೆಯದನ್ನು ಕಾಯುವವಳು ಮನೆಯಲ್ಲಿದ್ದಾಳೆ. ಆ ವಿಳಾಸ ಎಲ್ಲಿರಬೇಕೆಂದು ಅವಳನ್ನು ಕೇಳುವುದು, ಹೊರಡುವವನು ಮಾಡಬೇಕಾದ ಮೊದಲ ಸಿದ್ಧತೆ.