ಯಾವ ವಿಭಾಗ, ಯಾವ ಪಾಳಿ? ನರ್ಸಿಂಗ್ ಓದುವ ಮಕ್ಕಳಿಗೂ ಅವರ ಮನೆಯವರಿಗೂ ಕೆಲವು ಮಾತು

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಆಯ್ಕೆ ಸಮಿತಿಯ ಪರವಾಗಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ಆಯ್ಕೆ ಸಮಿತಿಯಲ್ಲಿ ಕೂತು ಅರ್ಜಿ ಓದುವ ನಾವು ಹೆಚ್ಚಿನವರು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನರ್ಸಿಂಗ್ ಓದಬೇಕೆಂದು ಬರೆಯುವವರಲ್ಲಿ ಹೆಣ್ಣುಮಕ್ಕಳು ಹೆಚ್ಚು, ಗಂಡುಮಕ್ಕಳೂ ಇದ್ದಾರೆ. ಸಂದರ್ಶನಕ್ಕೆ ಬಂದ ಪೋಷಕರು ಕೇಳುವುದು ಎರಡು ಪ್ರಶ್ನೆ: ಸೀಟು ಸಿಗುತ್ತದೆಯೇ, ಫೀಸು ಎಷ್ಟು? ಓದು ಮುಗಿದ ಮೇಲಿನ ಪ್ರಶ್ನೆ ಕೇಳುವವರು ಕಡಿಮೆ. ಆಸ್ಪತ್ರೆಯೊಳಗೆ ಯಾವ ವಿಭಾಗ? ಅಲ್ಲಿನ ಪಾಳಿ ಮನೆಗೆ ಹೊಂದುತ್ತದೆಯೇ?

ನಾಲ್ಕು ವರ್ಷ ಓದಿ, ಎರಡು ವರ್ಷ ದುಡಿದು, ಮೊದಲ ಮಗುವಾದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿ ಕೂತ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲೇ ಇದ್ದಾರೆ. ಅವರಲ್ಲಿ ಕೆಲವರು ಮನಸ್ಸಾರೆ ಬಿಟ್ಟವರು, ಅವರ ಬಗ್ಗೆ ನಮ್ಮ ಮಾತಿಲ್ಲ. ಬೇರೆ ದಾರಿ ಕಾಣದೆ ಬಿಟ್ಟವರ ಬಗ್ಗೆ ನಮಗೆ ಚಿಂತೆ. ಆಸ್ಪತ್ರೆಗೆ ನುರಿತ ಕೈ ಹೋಯಿತು, ಮನೆಗೆ ಒಂದು ಸಂಬಳ ಹೋಯಿತು. ಅದಕ್ಕಾಗಿ ಇವತ್ತು ಆ ಎರಡನೆಯ ಪ್ರಶ್ನೆಯನ್ನೇ ಮಾತಾಡೋಣ.

ಮೊದಲು ಅಡಿಪಾಯ. ಜಿ.ಎನ್.ಎಂ. ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಜಿ.ಎನ್.ಎಂ. ಮುಗಿಸಿದವರು ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು. ಹಾಗಾಗಿ ಹಣದ ಅಡಚಣೆಯಿಂದ ಜಿ.ಎನ್.ಎಂ. ಸೇರಿದ ಮಗುವಿಗೆ ಬಾಗಿಲು ಮುಚ್ಚಿತೆಂದು ಯಾರೂ ತಿಳಿಯಬೇಡಿ. ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ಸೇರುವ ಮೊದಲೇ ನೋಡಿ. ಓದು ಮುಗಿದೊಡನೆ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿ. ಆ ನೋಂದಣಿ ಇಲ್ಲದೆ ನರ್ಸ್ ಆಗಿ ಕೆಲಸ ಮಾಡುವಂತಿಲ್ಲ.

ಇನ್ನು ವಿಭಾಗದ ಮಾತು. ಓದುವಾಗಲೇ "ನಾನು ಐ.ಸಿ.ಯು. ನರ್ಸ್ ಆಗುತ್ತೇನೆ" ಎಂದು ತೀರ್ಮಾನಿಸುವ ಅವಸರ ಬೇಡ. ಮೊದಲ ಒಂದು ವರ್ಷ ಸಾಮಾನ್ಯ ವಾರ್ಡಿನಲ್ಲಿ ದುಡಿಯಿರಿ. ಇಂಜೆಕ್ಷನ್, ಡ್ರಿಪ್, ಕೇಸ್ ಶೀಟ್, ರೋಗಿಯ ಮನೆಯವರ ಜೊತೆ ಮಾತು, ಎಲ್ಲವೂ ಅಲ್ಲಿ ಕೈಗೆ ಹತ್ತುತ್ತವೆ. ಎಂ.ಎಸ್ಸಿ. ನರ್ಸಿಂಗ್ ಸೇರಲು ಹೇಗೂ ಒಂದು ವರ್ಷದ ಅನುಭವ ಬೇಕು. ಎಂ.ಎಸ್ಸಿ.ಯಲ್ಲಿ ಐದು ಶಾಖೆಗಳಿವೆ: ಮೆಡಿಕಲ್ ಸರ್ಜಿಕಲ್, ಮಕ್ಕಳ ಆರೋಗ್ಯ, ಹೆರಿಗೆ ಮತ್ತು ಸ್ತ್ರೀರೋಗ, ಸಮುದಾಯ ಆರೋಗ್ಯ, ಮಾನಸಿಕ ಆರೋಗ್ಯ. ಎರಡು ವರ್ಷ ಕೊಡಲಾಗದವರಿಗೆ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಿವೆ. ತೀವ್ರ ನಿಗಾ, ತುರ್ತು ಚಿಕಿತ್ಸೆ, ಕ್ಯಾನ್ಸರ್, ನವಜಾತ ಶಿಶು, ಆಪರೇಷನ್ ಥಿಯೇಟರ್, ಮೂತ್ರಪಿಂಡ ಹೀಗೆ ಹಲವು. ಆಸ್ಪತ್ರೆಯಲ್ಲಿ ದುಡಿಯುತ್ತಲೇ ಕಲಿಯುವ ಕ್ರಮ ಅದು.

ಒಂದೊಂದು ವಿಭಾಗಕ್ಕೂ ಒಂದೊಂದು ಗಡಿಯಾರ ಇದೆ. ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರ್ ಮೇಲಿರುವ ರೋಗಿಯನ್ನು ಬಿಟ್ಟು ಕದಲುವಂತಿಲ್ಲ. ಕಲಿಕೆ ಬಹಳ, ರಾತ್ರಿ ಪಾಳಿಯೂ ಬಹಳ. ಹೆರಿಗೆ ವಾರ್ಡಿನಲ್ಲಿ ಮಗು ಹೊತ್ತು ನೋಡಿ ಹುಟ್ಟುವುದಿಲ್ಲ, ಪಾಳಿ ಮುಗಿದರೂ ಅರ್ಧಕ್ಕೆ ಬಿಟ್ಟು ಬರಲಾಗದ ದಿನಗಳಿರುತ್ತವೆ. ಆಪರೇಷನ್ ಥಿಯೇಟರ್‌ನಲ್ಲಿ ಮೊದಲೇ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಗಳು ಹೆಚ್ಚಾಗಿ ಹಗಲಲ್ಲಿ ನಡೆಯುತ್ತವೆ, ಆದರೆ ತುರ್ತು ಕರೆ ಬಂದರೆ ನಡುರಾತ್ರಿಯೂ ಹೊರಡಬೇಕು. ಅಲ್ಲಿ ಮೊಣಕೈವರೆಗೆ ಕೈ ತೊಳೆಯಲೇಬೇಕು, ಅವರು ಕೊಟ್ಟ ಬಟ್ಟೆಯನ್ನೇ ಹಾಕಬೇಕು. ತಲೆ, ಕತ್ತು ಮುಚ್ಚುವ ಹುಡ್ ಸಿಗುತ್ತದೆಯೇ, ಬಟ್ಟೆ ಬದಲಿಸಲು ಪ್ರತ್ಯೇಕ ಕೋಣೆ ಇದೆಯೇ ಎಂದು ಕೆಲಸಕ್ಕೆ ಸೇರುವ ಮೊದಲೇ ಕೇಳಿ. ಕೇಳಲು ಸಂಕೋಚ ಬೇಡ.

ಡಯಾಲಿಸಿಸ್‌ನ ಲೆಕ್ಕ ಬೇರೆ. ಒಬ್ಬ ರೋಗಿಗೆ ಒಂದು ಸಲಕ್ಕೆ ಸುಮಾರು ನಾಲ್ಕು ಗಂಟೆ ಬೇಕು, ಅದೇ ರೋಗಿ ವಾರಕ್ಕೆ ಎರಡು ಮೂರು ಸಲ ಬರುತ್ತಾರೆ. ಸಮಯ ಮೊದಲೇ ಗೊತ್ತಿರುವುದರಿಂದ ಹಲವು ಕಡೆ ಬೆಳಗ್ಗೆ ಬೇಗ ಶುರುವಾಗಿ ಸಂಜೆ ಮುಗಿಯುತ್ತದೆ. ಮಕ್ಕಳಿರುವ ತಾಯಂದಿರಿಗೆ ಇದು ಹೊಂದಬಹುದು. ಆದರೆ ವರ್ಷಗಟ್ಟಲೆ ನೋಡಿದ ರೋಗಿ ಒಂದು ದಿನ ಬಾರದೆ ಹೋದಾಗ ಮನಸ್ಸು ಗಟ್ಟಿ ಇರಬೇಕು.

ಮಾನಸಿಕ ಆರೋಗ್ಯ ಎಂದರೆ ನಮ್ಮ ಮನೆಗಳಲ್ಲಿ ಇನ್ನೂ ಹಿಂಜರಿಕೆ. ತಾಳ್ಮೆ, ಕೇಳುವ ಕಿವಿ ಇರುವ ಮಕ್ಕಳಿಗೆ ಇದು ಒಳ್ಳೆಯ ದಾರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ವಿಷಯದಲ್ಲಿ ವಿಶೇಷ ಶಿಕ್ಷಣ ಸಿಗುತ್ತದೆ. ಇನ್ನು ಊರಿನ ಹತ್ತಿರವೇ ಇರಬೇಕೆನ್ನುವವರಿಗೆ ಸಮುದಾಯ ಆರೋಗ್ಯಾಧಿಕಾರಿ ಕೆಲಸವಿದೆ. ಆಯುಷ್ಮಾನ್ ಭಾರತ್ ಯೋಜನೆಯ ಉಪಕೇಂದ್ರಗಳಲ್ಲಿ ಬಿಪಿ, ಸಕ್ಕರೆ ಕಾಯಿಲೆಯವರನ್ನು, ಗರ್ಭಿಣಿಯರನ್ನು ನೋಡಿಕೊಳ್ಳುವವರು ಇವರು. ಮುಖ್ಯವಾಗಿ ಹಗಲಿನ ಕೆಲಸ. ಗುತ್ತಿಗೆ ನೇಮಕ ಎಂಬುದನ್ನೂ, ಸಂಬಳದ ಒಂದು ಭಾಗ ಕೆಲಸದ ಗುರಿಯ ಮೇಲೆ ನಿಂತಿದೆ ಎಂಬುದನ್ನೂ ತಿಳಿದೇ ಸೇರಬೇಕು.

ಇದರಲ್ಲಿ ಮೇಲು ಕೀಳು ಇಲ್ಲ. ಒಬ್ಬರ ಕಾಲಿಗೆ ಆದ ಚಪ್ಪಲಿ ಇನ್ನೊಬ್ಬರಿಗೆ ಆಗದು. ಒಂದೇ ಕಾಲಿಗೂ ಎಲ್ಲ ಕಾಲಕ್ಕೂ ಒಂದೇ ಅಳತೆ ಇರುವುದಿಲ್ಲ. ಇಪ್ಪತ್ತಮೂರರಲ್ಲಿ ಐ.ಸಿ.ಯು.ನಲ್ಲಿ ಕಲಿತವರು ಮಗು ಸಣ್ಣದಿದ್ದಾಗ ಡಯಾಲಿಸಿಸ್‌ಗೆ ಬಂದು, ಮಗು ಶಾಲೆಗೆ ಹೋದ ಮೇಲೆ ಎಂ.ಎಸ್ಸಿ. ಮಾಡಿ ಪಾಠ ಹೇಳಬಹುದು. ವಿಭಾಗ ಬದಲಿಸುವುದು ಸೋಲಲ್ಲ. ಆದರೆ ಆರು ತಿಂಗಳಿಗೊಮ್ಮೆ ಬದಲಿಸಿದರೆ ಯಾವುದರಲ್ಲೂ ಕೈ ಪಳಗುವುದಿಲ್ಲ. ಗಲ್ಫ್ ದೇಶಗಳಿಗೆ ಹೋಗಬೇಕೆನ್ನುವವರು ಇದನ್ನು ನೆನಪಿಡಿ, ಅಲ್ಲಿ ಸಾಮಾನ್ಯವಾಗಿ ಒಂದೇ ವಿಭಾಗದ ಅನುಭವ ಎಷ್ಟು ವರ್ಷದ್ದು ಎಂದು ಕೇಳುತ್ತಾರೆ. ಏಜೆಂಟರ ಕೈಗೆ ದುಡ್ಡು ಕೊಡುವ ಮೊದಲು ಅವರು ಕೇಂದ್ರ ಸರ್ಕಾರದ ಇ-ಮೈಗ್ರೇಟ್‌ನಲ್ಲಿ ಇದ್ದಾರೆಯೇ ಎಂದು ನೋಡಿ. ಇಲ್ಲಿನ ಕೆಲಸವಾಗಲಿ ಅಲ್ಲಿನದಾಗಲಿ, ಬಾಂಡ್ ಪೂರ್ತಿ ಓದದೆ ಸಹಿ ಹಾಕಬೇಡಿ, ಮೂಲ ಅಂಕಪಟ್ಟಿಗಳನ್ನು ಯಾರ ಬಳಿಯೂ ಬಿಡಬೇಡಿ.

ಈಗ ಮನೆಯವರಿಗೆ ಎರಡು ಮಾತು. ರಾತ್ರಿ ಎಂಟಕ್ಕೆ ಹೋಗಿ ಬೆಳಗ್ಗೆ ಎಂಟಕ್ಕೆ ಬಿಡುವ ಪಾಳಿ ಹಲವು ಆಸ್ಪತ್ರೆಗಳಲ್ಲಿದೆ. ಬಂದವರು ತಿಂಡಿ ಮಾಡಿ, ಬಟ್ಟೆ ಒಗೆದು, ನೆಂಟರಿಗೆ ಚಹಾ ಕೊಟ್ಟು, ಮತ್ತೆ ಸಂಜೆ ಹೊರಟರೆ ಆ ರಾತ್ರಿ ಅವರ ಕೈಯಲ್ಲಿ ಇನ್ನೊಬ್ಬರ ಜೀವ ಇರುತ್ತದೆ. ನಿದ್ದೆಗೆಟ್ಟ ಕಣ್ಣಿಗೆ ಔಷಧಿಯ ಅಳತೆ ತಪ್ಪಿ ಕಾಣಬಹುದು. ನಮಗೆ ಗೊತ್ತಿರುವ ಒಂದು ಮನೆಯಲ್ಲಿ ಅತ್ತೆಯವರೇ ಒಂದು ಪದ್ಧತಿ ಮಾಡಿದ್ದಾರೆ. ಸೊಸೆ ಮಲಗಿದಾಗ ಕೋಣೆಯ ಬಾಗಿಲ ಚಿಲಕಕ್ಕೆ ಹಸಿರು ದುಪಟ್ಟಾ ಕಟ್ಟುತ್ತಾರೆ. ಅದು ಇರುವಷ್ಟು ಹೊತ್ತು ಮೊಮ್ಮಕ್ಕಳೂ ಆ ಕಡೆ ಸುಳಿಯುವುದಿಲ್ಲ. ಖರ್ಚಿಲ್ಲದ ಏರ್ಪಾಡು. ಸೊಸೆ ಎಂಟು ವರ್ಷದಿಂದ ಕೆಲಸದಲ್ಲಿದ್ದಾರೆ.

ನಿಕಾಹ್ ಮಾತುಕತೆಯಲ್ಲಿ ಮೆಹರ್, ಒಡವೆ ಎಲ್ಲ ಬರುತ್ತವೆ. ರಾತ್ರಿ ಪಾಳಿಯ ಮಾತೂ ಅಲ್ಲೇ ಬರಲಿ. ಮಗುವನ್ನು ನೋಡಿಕೊಳ್ಳುವುದು ಗಂಡನ ಕೆಲಸವೂ ಹೌದು ಎಂಬುದು ಮೊದಲೇ ಮಾತಾಗಲಿ. ಕಾನೂನೂ ಜೊತೆಗಿದೆ. ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಇದೆ. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಕೇಳಿದವರಿಗೆ ಸಿಗುತ್ತದೆ, ಗೊತ್ತಿಲ್ಲದವರು ರಾಜೀನಾಮೆ ಬರೆಯುತ್ತಾರೆ.

ದಾನಿಗಳಲ್ಲಿ ನಮ್ಮ ವಿನಂತಿ ಒಂದು. ನಿಮ್ಮ ಹಣದಿಂದ ಮೊದಲ ವರ್ಷದ ಫೀಸು ಕಟ್ಟಿದ ಮಕ್ಕಳು ಇಂದು ಈ ಸಭೆಯಲ್ಲಿದ್ದಾರೆ. ಕೆಲಸ ಬಿಟ್ಟು ಮತ್ತೆ ಬರಬೇಕೆನ್ನುವ ನರ್ಸ್‌ಗೆ, ವಿಭಾಗ ಬದಲಿಸಲು ಒಂದು ವರ್ಷದ ಡಿಪ್ಲೊಮಾ ಮಾಡಬೇಕೆನ್ನುವ ತಾಯಿಗೆ ಕೈ ಹಿಡಿಯುವವರು ಬಹಳ ಕಡಿಮೆ. ಮುಂದಿನ ಸಾಲಿನಲ್ಲಿ ಅಂಥವರಿಗೂ ಒಂದಷ್ಟು ಪಾಲು ಇಡೋಣ.

ಅರ್ಜಿ ಹಾಕುವ ಮಕ್ಕಳು ಈ ಸಲ ಅಂಕಪಟ್ಟಿ, ಆದಾಯ ಪ್ರಮಾಣಪತ್ರದ ಜೊತೆ ಸ್ವಂತ ಕೈಬರಹದ ಒಂದು ಪುಟ ಇಡಬೇಕು. ಯಾವ ವಿಭಾಗ ಇಷ್ಟ, ಏಕೆ, ರಾತ್ರಿ ಪಾಳಿಗೆ ಮನೆಯಲ್ಲಿ ಏನು ಏರ್ಪಾಡು ಎಂದು ಬರೆಯಿರಿ. ಅದಕ್ಕೆ ಅಂಕ ಇಲ್ಲ, ಸರಿ ಉತ್ತರವೂ ಇಲ್ಲ. ಬರೆಯುವ ಮೊದಲು ಅಪ್ಪ, ಅಮ್ಮ, ಮದುವೆಯಾಗಿದ್ದರೆ ಗಂಡ ಅಥವಾ ಹೆಂಡತಿಯ ಜೊತೆ ಕೂತು ಮಾತಾಡಿ. ಆ ಮಾತುಕತೆ ನಡೆಯಲಿ ಎಂಬುದಕ್ಕಾಗಿಯೇ ಈ ಪುಟ ಕೇಳುತ್ತಿದ್ದೇವೆ.